ಒತ್ತು ಬಿಟ್ಟ ಚೀಟಿ

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಎಂಥ ಶ್ರೀಮಂತ ಅಂತೀರಿ? ಅವನ ಮನೆಯಲ್ಲಿ ಬಾಯಾರಿ ಬಂದವರಿಗೆ ಹಾಲು, ನೀರೇನಿದ್ದರೂ ಎಮ್ಮೆಗಳಿಗೆ. ಅಂಥವನಿಗೊಬ್ಬಳು ಮೊಮ್ಮಗಳು ಹುಟ್ಟಿದಳು. ತಮಾಷೆ ನೋಡಿ, ಆ ಕೂಸಿಗೆ ಹಾಲೇ ಆಗದು! ಕುಡಿದದ್ದೆಲ್ಲ ವಾಂತಿ, ಮೈಯೆಲ್ಲ ಹಳದಿ.

ಡಾಕ್ಟರಮ್ಮ ರಕ್ತ ಪರೀಕ್ಷಿಸಿ, "ಗ್ಯಾಲಕ್ಟೊಸೀಮಿಯ. ಹಾಲಿನ ಸಕ್ಕರೆ ಅರಗಿಸೋ ಶಕ್ತಿ ಹುಟ್ಟಿನಿಂದ್ಲೇ ಕಮ್ಮಿ. ವಂಶದಿಂದ ಬಂದದ್ದು. ತಾಯಿ ಹಾಲೂ ಬೇಡ, ಕೂಸುಗಳಿಗಂತಲೇ ಬರೋ ಸೋಯಾ ಪುಡಿ ಕೊಡಿ" ಎಂದರು. ಕೂಸು ಚೇತರಿಸಿಕೊಂಡಿತು. ಶ್ರೀಮಂತ ಚೇತರಿಸಿಕೊಳ್ಳಲಿಲ್ಲ.

"ವಂಶ ಅಂದ್ರೆ ಯಾರ ವಂಶ?" ಮಗು ನೋಡಲು ಬಂದ ಸೊಸೆಯ ಅಪ್ಪನ ಮೇಲೆ, ಪಾಪ, ಅವರೊಬ್ಬ ದರ್ಜಿ, ಬೀದಿಗೆಲ್ಲ ಕೇಳುವಂತೆ ಕೂಗಾಡಿದ: "ಬೀಗರೇ, ಕರ್ಕೊಂಡು ಹೋಗಿ ನಿಮ್ಮ ಮಗಳನ್ನ! ಮದುವೇಲಿ ನೀವು ನಮ್ಮ ಹುಡುಗನ ಕಾಲು ತೊಳೆದ್ರಲ್ಲ? ದೋಷ ನಮ್ಮದು ಅಂತ ಯಾರಾದ್ರೂ ತೋರಿಸ್ಲಿ, ಇದೇ ಜಗಲಿ ಮೇಲೆ ನಾನು ನಿಮ್ಮ ಕಾಲು ತೊಳೀತೀನಿ!"

ಸೊಸೆ ಗಂಟು ಕಟ್ಟತೊಡಗಿದಳು. ದರ್ಜಿ ಮಾತ್ರ, "ಎಲ್ಲರೂ ಪರೀಕ್ಷೆ ಮಾಡಿಸೋಣ ಬೀಗರೇ" ಎಂದರು.

ಮಾಡಿಸಿದರು.

"ನೋಡಿ ಸ್ವಾಮಿ," ಎಂದರು ಡಾಕ್ಟರಮ್ಮ, "ಹಾಲು ಅರಗಿಸೋದು ಹೇಗೆ ಅಂತ ಬರೆದ ಚೀಟಿ ಮಗೂಗೆ ಎರಡು ಬರ್ತವೆ, ಅಪ್ಪಂದೊಂದು, ಅಮ್ಮಂದೊಂದು. ಎರಡೂ ಕೆಟ್ಟರೇನೇ ಈ ಕಾಯಿಲೆ. ಬೀಗರ ಕಡೆ ಚೀಟೀಲಿ ಒಂದು ಒತ್ತು ಬಿಟ್ಟುಹೋಗಿದೆ. 'ಅಕ್ಕಿ' ಬದಲು 'ಅಕಿ'. ತಡವರಿಸಿಕೊಂಡಾದ್ರೂ ಓದಬಹುದು. ಅದಕ್ಕೇ ಕಾಯಿಲೆ ಇಷ್ಟು ಹಗುರ. ಇನ್ನೊಂದು ನಿಮ್ಮ ಮಗನ ಚೀಟಿ, ಅದ್ರಲ್ಲಿ ಸಾಲುಸಾಲೇ ಹರಿದುಹೋಗಿದೆ. ಎರಡೂ ಹಾಗಿದ್ದಿದ್ರೆ ಮಗು ಉಳಿಯೋದು ಕಷ್ಟ ಇತ್ತು."

"ಹರಿದದ್ದು ನನ್ನ ಹೆಂಡ್ತಿ ಕಡೇದು!"

"ನಿಮ್ಮದೇ ಸ್ವಾಮಿ."

ನಗುತ್ತಿದ್ದೀರಿ, ನಗಿ. ಆದರೆ ನಿಮ್ಮ ಮನೆಯಲ್ಲಿ ಮಗು ಕಾಯಿಲೆ ಬಿದ್ದು ಮಲಗಿದರೆ ಮೊದಲು ಏನು ಕೇಳುತ್ತೀರಿ? 'ಏನು ಮಾಡೋಣ' ಅಂತಲೋ, 'ಯಾರ ಕಡೆಯಿಂದ ಬಂತು' ಅಂತಲೋ? ಆ ಎರಡನೆಯ ಮಾತು ಇವತ್ತೇ ಬಿಡಿ. ಸೊಸೆಯತ್ತ ಬೆರಳು ತೋರಿಸುವುದನ್ನು ಬಿಡಿ. ಡಾಕ್ಟರು ಬೇಡವೆಂದದ್ದನ್ನು 'ಒಂದೇ ಚಮಚ ಕಣೇ' ಎಂದು ಕದ್ದು ಕುಡಿಸುವ ಅಜ್ಜಿಯರೇ, ನಿಮಗೂ ಹೇಳಿದ್ದು!

ಕಾಲು ತೊಳೆದನೇ ಅಂತೀರಾ? ಮೂರು ದಿನ ಮಂಡಿನೋವು ಎಂದ. ನಾಲ್ಕನೆಯ ದಿನ ನೀರು ತಣ್ಣಗಿದೆ ಎಂದ. ಐದನೆಯ ದಿನ ಸೊಸೆಯೇ ಬಿಸಿನೀರು ತಂದಿಟ್ಟಳು. ಬೀದಿಯೆಲ್ಲ ಸೇರಿತು.

"ಅಯ್ಯೋ, ಬಿಡಿ ಬೀಗರೇ, ಕಚಗುಳಿ ಆಗ್ತದೆ!"

"ಸುಮ್ನಿರಿ, ಇನ್ನೊಂದು ಕಾಲು ಕೊಡಿ" ಎಂದು ಶ್ರೀಮಂತ ಅದನ್ನೂ ತೊಳೆದು, ತನ್ನ ಜರಿ ಶಲ್ಯದಿಂದಲೇ ಒರೆಸಿದ.