ನೆರಳಿನ ಒಂದು ಮಾತು

ಒಂದೂರಿನಲ್ಲಿ ಒಬ್ಬ ಶ್ರೀಮಂತನಿದ್ದ. ಅವನ ಸಿರಿಯೆಲ್ಲ ತಲೆಯಲ್ಲಿತ್ತು, ನೋಡಿ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ದಾಸವಾಳದ ರಸದಲ್ಲಿ ಕಾಗದ ಅದ್ದಿ, ಒಣಗಿಸಿ, ಪಟ್ಟಿ ಮಾಡುತ್ತಿದ್ದ. ಹಾಲು ಒಡೆಯದಿರಲೆಂದು ಯಾರಾದರೂ ಸೋಡಾ ಬೆರೆಸಿದ್ದರೆ, ಅದ್ದಿದ ಪಟ್ಟಿ ಹಸಿರಾಗುತ್ತಿತ್ತು. ಎಂಥ ಚೆಂದದ ವಿದ್ಯೆ!

ಅದನ್ನು ಒಂದು ವಿಜ್ಞಾನ ಪತ್ರಿಕೆಗೆ ಬರೆದ. ಅದಕ್ಕೆ ಚಂದಾ ಇಲ್ಲ, ಬೀಗವಿಲ್ಲ, ಮೊಬೈಲಿದ್ದವರೆಲ್ಲ ಓದಬಹುದು. ಓದಿದ ಯಾರೇ ಆದರೂ ಮಾಡುವಂತಿರಬೇಕು, ಅದೇ ಅದರ ನಿಯಮ. ಶ್ರೀಮಂತ ಎಲ್ಲ ಬರೆದ. ನೆರಳಲ್ಲಿ ಒಣಗಿಸಬೇಕೆಂಬ ಒಂದು ಮಾತು ಬಿಟ್ಟ. ಮರೆತನೇ? ಇಲ್ಲ. ಎಲ್ಲ ಹೇಳಿಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ ಎಂದುಕೊಂಡ.

ಮುಂದೆ ತಂಗಿಯ ಮೊಮ್ಮಗುವಿನ ನಾಮಕರಣ ಬಂತು. ಪಾಯಸಕ್ಕೆ ಕೊಳದಪ್ಪಲೆ ತುಂಬ ಹಾಲು.

"ಬಾ ಅಣ್ಣ! ನೀನು ಬರೆದದ್ದು ಓದಿ ನಾನೇ ಪಟ್ಟಿ ಮಾಡ್ದೆ. ಅದ್ದಿದೆ, ಹಸಿರಾಗ್ಲಿಲ್ಲ. ಹಾಲು ಅಪ್ಪಟ!"

ಪಟ್ಟಿ ಬಿಳಿಚಿಕೊಂಡಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಎಲ್ಲಿ ಒಣಗಿಸ್ದೆ?"

"ತಾರಸಿ ಮೇಲೆ, ಒಳ್ಳೆ ಬಿಸಿಲಲ್ಲಿ."

"ಅಯ್ಯೋ, ಬಿಸಿಲಿಗೆ ಬಣ್ಣ ಸತ್ತಿದೆ, ನೆರಳಲ್ಲಿ ಒಣಗಿಸ್ಬೇಕಿತ್ತು!"

"ಹಾಗಂತ ಎಲ್ಲಿ ಬರೆದಿದ್ದೆ?"

ಅವನು ಜೇಬಿನಿಂದ ತನ್ನ ಪಟ್ಟಿ ತೆಗೆದು ಅದ್ದಿದ. ಹಚ್ಚ ಹಸಿರು! ಹಾಲು ಚರಂಡಿ ಸೇರಿತು. ಎಲೆ ಹಾಕುವ ಹೊತ್ತಾಗಿತ್ತು. ಕಾಯಿಹಾಲಿನ ಪಾಯಸವೇ ಗತಿ ಎಂದು ನಮ್ಮ ಶ್ರೀಮಂತ ಪಂಚೆ ಎತ್ತಿ ಕಟ್ಟಿ ತುರಿಮಣೆಯ ಮೇಲೆ ಕೂತ.

"ಕಾಯಿ ತುರಿಯೋದ್ರಲ್ಲಿ ಏನೂ ಗುಟ್ಟಿಲ್ಲ ತಾನೆ, ಅಣ್ಣ?" ಎಂದಳು ತಂಗಿ. ಅಡುಗೆಮನೆಯೆಲ್ಲ ನಕ್ಕಿತು. ಅವನೂ ನಕ್ಕ.

ಊಟ ಮುಗಿದದ್ದೇ ತಡ, ತೊಟ್ಟಿಲ ಪಕ್ಕ ಕೂತು, ಬಿಟ್ಟ ಮಾತನ್ನು ಪತ್ರಿಕೆಗೆ ಬರೆದು ಕಳಿಸಿದ. ಆಮೇಲೇನಾಯಿತು? ಕರಾವಳಿಯಿಂದ ಮುಖ ಕಾಣದ ಹೆಣ್ಣುಮಗಳೊಬ್ಬಳು ಬರೆದಳು: "ನೆರಳಲ್ಲಿ ಒಣಗಿಸಿದೆ, ಸರಿಯಾಯಿತು. ರಸಕ್ಕೆ ಒಂದು ಹನಿ ನಿಂಬೆ ಹಿಂಡಿ ನೋಡಿ, ಬಣ್ಣ ಇನ್ನೂ ಬಾಳುತ್ತದೆ." ಹಿಂಡಿ ನೋಡಿದ. ಬಾಳಿತು! ಇಷ್ಟು ವರ್ಷ ಮುಚ್ಚಿಟ್ಟಾಗ ಅವನಿಗೆ ಯಾರಾದರೂ ನಿಂಬೆಯ ಮಾತು ಹೇಳಿದ್ದರೇ?

ನಗುತ್ತಿದ್ದೀರಿ. ನಗಿ. ಆದರೆ ತಾಯಂದಿರೇ, ಪಕ್ಕದ ಮನೆಯವಳು ಉಪ್ಪಿನಕಾಯಿ ಹೇಗೆಂದು ಕೇಳಿದಾಗ ಹುರಿದ ಮೆಂತ್ಯದ ಮಾತು ನಿಮ್ಮ ಗಂಟಲಲ್ಲೇ ಉಳಿಯುವುದಿಲ್ಲವೇ? ಅಣ್ಣಂದಿರೇ, ಹೊಸಬನಿಗೆ ಕೆಲಸ ಕಲಿಸುವಾಗ ಅವನನ್ನು ಚಹಾ ತರಲು ಕಳಿಸಿ ಕೊನೆಯ ತಿರುಪು ನೀವೇ ಬಿಗಿಯುವುದಿಲ್ಲವೇ? ಇಂದು ಮನೆಗೆ ಹೋಗುವ ದಾರಿಯಲ್ಲೇ ಆ ಬಾಗಿಲು ತಟ್ಟಿ. ಉಳಿಸಿಕೊಂಡ ಆ ಒಂದು ಮಾತು ಹೇಳಿಬಿಡಿ. ಅವರ ಭರಣಿಯಲ್ಲೂ ಉಪ್ಪಿನಕಾಯಿ ಘಮಘಮಿಸಲಿ.