ಕೆಂಪು ಚುಕ್ಕೆ, ನೀಲಿ ಚುಕ್ಕೆ

...ಗೋಡೆಯ ಮೇಲಿನ ಪಟದಲ್ಲಿ ಕೋಟು ಹಾಕಿಕೊಂಡಿದ್ದಾರಲ್ಲ, ಅವರು ನಮ್ಮ ಅಜ್ಜ. ಈ ವೈದ್ಯಕೀಯ ಕಾಲೇಜಿನ ಮೊದಲ ಪ್ರಾಧ್ಯಾಪಕರು. ಪಕ್ಕದಲ್ಲಿರುವವರು ನಮ್ಮ ತಂದೆ. ನೀವು ಬ್ಯಾಗು ಇಟ್ಟಿದ್ದೀರಲ್ಲ, ಅದು ಅವರ ಮೇಜು. ತೆಗೆಯಿರಿ. ನೆಲದ ಮೇಲಿಡಿ. ನಮ್ಮ ಮನೆತನದ ಕಡೆ ಈ ಊರಲ್ಲಿ ಯಾರೂ ಬೆರಳು ತೋರಿಸಿದವರಿಲ್ಲ. ಅಜ್ಜ ತಮ್ಮ ಸ್ವಂತ ತಮ್ಮನನ್ನೇ ಪರೀಕ್ಷೆಯಲ್ಲಿ ಫೇಲು ಮಾಡಿ, ಸಂಜೆ ಅವನ ಜೊತೆಗೇ ಊಟಕ್ಕೆ ಕೂತವರು.

ಯಾಕೆ ನಗುತ್ತೀರಿ? ನಗುವ ಮಾತಲ್ಲ ಅದು.

ಆಯ್ಕೆ ಸಮಿತಿಯ ಅಧ್ಯಕ್ಷೆ ನಾನು. ಬಯೋಸ್ಟ್ಯಾಟಿಸ್ಟಿಕ್ಸು, ಬಯೋಇನ್‌ಫರ್ಮ್ಯಾಟಿಕ್ಸು... ರೋಗವನ್ನು ಅಂಕಿ-ಅಂಶದಲ್ಲಿ ಹುಡುಕುವ ಇವೆಲ್ಲ ನಮ್ಮ ಕಾಲದಲ್ಲಿ ಇರಲಿಲ್ಲ. ವೈದ್ಯರು ರೋಗಿಯ ನಾಲಿಗೆ ನೋಡುತ್ತಿದ್ದರು, ಕಣ್ಣು ನೋಡುತ್ತಿದ್ದರು. ಈಗ ರೋಗಿಯ ಮುಖವನ್ನೇ ನೋಡದವರು ಕಂಪ್ಯೂಟರ್ ಮುಂದೆ ಕೂತು ರೋಗ ಹೇಳುತ್ತಾರಂತೆ. ಇರಲಿ. ಹುದ್ದೆ ಬಂದಿದೆ, ತುಂಬಬೇಕು. ಬೆಳಗ್ಗೆ ರಿಜಿಸ್ಟ್ರಾರ್ ನಿಮ್ಮೆಲ್ಲರ ಎದುರಿಗೇ ಕೇಳಿದರು, ಅಭ್ಯರ್ಥಿಗಳಲ್ಲಿ ಸಮಿತಿಯವರ ಸಂಬಂಧಿಕರು ಯಾರಾದರೂ ಇದ್ದಾರಾ ಅಂತ. ನಾನೇನಂದೆ? ಈ ಕುರ್ಚಿಗೆ ನೆಂಟರಿಲ್ಲ ಅಂದೆ. ಕೇಳಿಸಿಕೊಂಡಿರಿ ತಾನೇ?

ನಾವು ನಿಮ್ಮನ್ನು ಕೇಳಿದ್ದು ಒಂದು ಮಾದರಿ ಪಾಠ. ಮೊದಲ ವರ್ಷದ ಹುಡುಗರಿಗೆ ಅರ್ಥವಾಗುವ ಹಾಗೆ. ನೀವು ಅಚ್ಚಾದ ಯಾವುದೋ ಪ್ರಬಂಧದ ಚಿತ್ರ ತೆಗೆದು ಪರದೆಯ ಮೇಲೆ ಚುಕ್ಕೆ ಹಾಕಿದಿರಿ. ಕೆಂಪು ಚುಕ್ಕೆ ರೋಗಿಗಳು, ನೀಲಿ ಚುಕ್ಕೆ ಆರೋಗ್ಯವಂತರು. ಕೆಂಪಿನ ಗುಂಪೇ ಬೇರೆ, ನೀಲಿಯ ಗುಂಪೇ ಬೇರೆ. ರಕ್ತದಲ್ಲೇ ರೋಗ ಕಾಣುತ್ತದೆ ನೋಡಿ ಅಂದಿರಿ. ಅಲ್ಲಿಗೇ ನಿಲ್ಲಿಸಬಾರದಿತ್ತೇ? ರೋಗಿಗಳ ರಕ್ತವನ್ನೆಲ್ಲ ಒಂದು ಯಂತ್ರದಲ್ಲಿ, ಉಳಿದವರದನ್ನು ಇನ್ನೊಂದರಲ್ಲಿ ಪರೀಕ್ಷಿಸಿದ್ದರೆ... ಕಾಣುತ್ತಿರುವುದು ರೋಗವಲ್ಲ, ಎರಡು ಯಂತ್ರಗಳ ವ್ಯತ್ಯಾಸ ಅಂದಿರಿ. ಸಾಲದ್ದಕ್ಕೆ ಒಂದು ಜೋಕು! ಮಗುವನ್ನು ಮೊನ್ನೆ ಒಂದು ತಕ್ಕಡಿಯಲ್ಲಿ, ಇವತ್ತು ಇನ್ನೊಂದರಲ್ಲಿ ತೂಗಿ, ದಪ್ಪಗಾಗಿದೆ ಅಂತ ತಾಯಿಗೆ ಹೇಳಿದ ಹಾಗೆ. ಹೊರಗಿನಿಂದ ಬಂದ ತಜ್ಞರು ನಕ್ಕ ನಗುವಿಗೆ ಅವರ ಹಲ್ಲಿನ ಸೆಟ್ಟೇ ಸಡಿಲವಾಯಿತು.

ಒಬ್ಬರ ಶ್ರಮವನ್ನು ಬೀದಿಗೆಳೆದು ನಗಿಸುವುದಕ್ಕೆ ಪಾಠ ಅನ್ನುತ್ತಾರಾ ನಿಮ್ಮ ಕಡೆ?

ಏನು? ಪ್ರಬಂಧ ಬರೆದವರ ಹೆಸರು ಹಾಕಿರಲಿಲ್ಲವೇ? ರೋಗದ ಹೆಸರನ್ನೂ ಮುಚ್ಚಿದ್ದಿರಾ... ಅಬ್ಬಾ, ಎಂಥ ದೊಡ್ಡತನ! ಹೆಸರು ಮುಚ್ಚಿದರೆ ಗುರುತು ಸಿಗುವುದಿಲ್ಲವೇ? ಚಿತ್ರ ಕಂಡ ಕೂಡಲೇ ನನಗೆ ಗೊತ್ತಾಯಿತು.

'ಪರೀಕ್ಷಿಸಿದ್ದರೆ' ಅಂತೆ. ಬಾಯಿಗೆ ಬಂದದ್ದನ್ನು ಅಂದುಬಿಡುವುದು ಸುಲಭ. ರೋಗಿಗಳದು ಮುಗಿಯುವ ಹೊತ್ತಿಗೆ ಹಳೆಯ ಯಂತ್ರ ಕೆಟ್ಟು ಕೂತಿತು. ಹೊಸದು ಬಂತು. ಉಳಿದವರ ರಕ್ತ ಹಾಳಾಗಲಿ ಅಂತ ಅವಳು ಕೈಕಟ್ಟಿ ಕೂರಬೇಕಿತ್ತೇ? ಮೊದಲಿಂದಲೇ ಎರಡೂ ಗುಂಪಿನವರ ರಕ್ತದ ಸೀಸೆಗಳನ್ನು ಬೆರೆಸಿಟ್ಟು ಪರೀಕ್ಷಿಸಬೇಕಿತ್ತು ಅಂತೀರಿ. ಬೆರೆಸುವುದು! ಅವಳು ಚಿಕ್ಕಂದಿನಿಂದ ಯಾವುದನ್ನೂ ಬೆರೆಸಿದವಳಲ್ಲ. ಬಣ್ಣದ ಪೆನ್ಸಿಲನ್ನೂ ಕೆಂಪು ಒಂದು ಡಬ್ಬಿ, ನೀಲಿ ಒಂದು ಡಬ್ಬಿ ಅಂತ ಇಡುತ್ತಿದ್ದಳು. ನಾನು ಕಲಿಸಿದ್ದು ಅದು. ನನಗೆ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು. ಶಿಸ್ತು ಅನ್ನುತ್ತಾರೆ ಅದಕ್ಕೆ, ನಿಮಗೆ ಗೊತ್ತಿರಲಾರದು.

...ಯಾಕೆ ಹಾಗೆ ನೋಡುತ್ತೀರಿ? ಯಂತ್ರ ಕೆಟ್ಟದ್ದು ಆ ಪ್ರಬಂಧದಲ್ಲಿ ಇದೆಯಲ್ಲ.

ಇಲ್ಲವೇ? ಎಲ್ಲೂ ಬರೆದಿಲ್ಲವೇ?

ಸರಿ, ಎಲ್ಲೋ ಕೇಳಿರಬೇಕು. ನೀವು ಊಹಿಸಬಹುದು, ನಾನು ಊಹಿಸಬಾರದೇ?

ಏನಾದರೂ ಹೇಳಿ. ಬೆಳಗ್ಗೆ ಪಟಪಟ ಅಂತ ಅರಳು ಹುರಿದ ಹಾಗೆ ಮಾತಾಡುತ್ತಿದ್ದಿರಿ... ಕಪಾಟಿನ ಕಡೆ ಏನು ನೋಟ? ಆ ಚಿಕ್ಕ ಫೋಟೋನಾ? ಯಾರೋ ಪದವಿ ತೆಗೆದುಕೊಂಡ ದಿನದ್ದು. ಬೆಳಗ್ಗೆ ನಿಮ್ಮ ಪಕ್ಕ ಕೂತಿದ್ದವಳ ಹಾಗೆ ಕಾಣುತ್ತದೆಯೇ? ಕಾಣಲಿ. ಎಷ್ಟೋ ಮುಖ ಒಂದೇ ಥರ ಇರುತ್ತವೆ. ಹೆಣ್ಣುಮಕ್ಕಳು ಮದುವೆಯಾಗುತ್ತಾರೆ, ಗಂಡನ ಮನೆಯ ಹೆಸರು ಇಟ್ಟುಕೊಳ್ಳುತ್ತಾರೆ. ಅದೇನು ಅಪರಾಧವೇ?

ನಾಳೆ ಅವಳ ಪಾಠ. ಅದೇ ಕೋಣೆ, ಅದೇ ತಜ್ಞರು. ಅದೇ ಚುಕ್ಕೆಗಳನ್ನು ಅವಳು ಪರದೆಯ ಮೇಲೆ ಹಾಕಿದ ಕೂಡಲೇ ಆ ಮನುಷ್ಯ 'ತಕ್ಕಡಿ' ಅಂತ ನಕ್ಕರೆ... ಬೇರೆ ಪಾಠ ಸಿದ್ಧಮಾಡಿಕೊಳ್ಳಲು ಹೊತ್ತೆಲ್ಲಿದೆ ಹೇಳು? ಇಷ್ಟು ವರ್ಷ ಅವಳು ಮಾಡಿದ ಕೆಲಸ ಅದೊಂದೇ ಕಣಮ್ಮ!

ಎಲ್ಲಿಗೆ ಎದ್ದಿರಿ? ರಿಜಿಸ್ಟ್ರಾರ್ ಕೋಣೆ ಯಾವ ಕಡೆ ಅಂತ ಯಾಕೆ ಬೇಕು ನಿಮಗೆ?

ಬ್ಯಾಗು ಕೆಳಗಿಡಿ. ಈ ಗೋಡೆಯ ಮೇಲಿರುವವರ ಎದುರಿಗೆ ಹೀಗೆ ಬಾಯಿ ಮುಚ್ಚಿಕೊಂಡು ನನ್ನನ್ನು ಅವಮಾನ ಮಾಡಿದವರು ಇದುವರೆಗೆ ಒಬ್ಬರೂ ಇಲ್ಲ.

ಕ್ಷಮೆ ಕೇಳಿ.