ಅಮ್ಮ ನೋಡದ ವಯಸ್ಸು

ಮಗಳ ಕಣ್ಣು ತೋರಿಸಲು ಅರ್ಧ ದಿನ ರಜೆ ಹಾಕಿ ಬಂದವಳು ಆಸ್ಪತ್ರೆಯ ಬೆಂಚಿನಲ್ಲೇ ತೂಕಡಿಸುತ್ತಿದ್ದೆ. ಪಕ್ಕದಲ್ಲಿ ನನಗೆ ಗುರುತಿಲ್ಲದ ಇಬ್ಬರು ವಯಸ್ಸಾದ ಅಕ್ಕ-ತಂಗಿ. ಅಕ್ಕ ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ರೆಪ್ಪೆ ಮುಚ್ಚಿ ಒರಗಿದ್ದರು.

"ಅಕ್ಕಾ, ನಿದ್ದೆ ಬಂತಾ?"

"ಇಲ್ವೇ. ಇವತ್ತಿಗೆ ಎಪ್ಪತ್ತು ತುಂಬ್ತಲ್ಲ. ಅಮ್ಮ ಅರವತ್ತೊಂಬತ್ತಕ್ಕೇ ಹೋದ್ಲು."

"ಅದಕ್ಕೇ ತಾನೇ ಪೊರೆ ತೆಗೆಸೋದನ್ನ ಮುಂದಕ್ಕೆ ಹಾಕ್ತಾ ಬಂದೆ? ಹೋಗೋ ಜೀವಕ್ಕೆ ಹೊಸ ಕಣ್ಣು ಯಾಕೆ ಅಂತಿದ್ದೆ."

"ಹೋಗ್ಲಿಲ್ವಲ್ಲ! ಬೆಳಗಿನ ಜಾವ ಅಮ್ಮ ಕನಸಲ್ಲಿ ಬಂದಿದ್ಲು. ತಲೆ ಬಾಚು ಅಂತ ನನ್ನ ಮುಂದೆ ಕೂತ್ಲು. ನನಗಿಂತ ಚಿಕ್ಕೋಳು ಕಣೇ. ಕೂದಲು ಇಷ್ಟು ಬೆಳ್ಳಗಿರಲಿಲ್ಲ."

"ಏನಂದ್ಲು?"

"ನಾನು ಎಪ್ಪತ್ತರಷ್ಟು ದೂರ ಬರಲೇ ಇಲ್ಲ, ಅಲ್ಲಿ ಹೇಗಿದೆಯೇ, ಅಂದ್ಲು."

"ನೀನೇನಂದೆ?"

"ಏನನ್ಲಿ? ಎಲ್ಲಾ ಮಂಜು ಮಂಜು, ಸರಿಯಾಗಿ ಕಾಣ್ಸಲ್ಲ ಅಂದೆ. ಪಾಪ, ಮುಖ ಸಪ್ಪೆ ಮಾಡ್ಕೊಂಡ್ಲು."

ನರ್ಸ್ ಬಾಗಿಲು ತೆರೆದು ಅಕ್ಕನನ್ನು ಕರೆದಳು. ತಂಗಿ ಎದ್ದರು.

"ಇವತ್ತೂ ತಪ್ಪಿಸ್ಕೊಂಡು ಓಡೀಯ!"

"ಓಡೋಕೆ ದಾರಿ ಕಾಣ್ಬೇಕಲ್ಲ, ತಾಯಿ! ಕೈ ಕೊಡು. ಅಮ್ಮ ಮತ್ತೆ ಕೇಳಿದ್ರೆ ನೋಡಿದ್ದನ್ನೇ ಹೇಳ್ತೀನಿ."

ತಂಗಿ ಏನೋ ಅಂದರು, ಅಕ್ಕ ನಕ್ಕರು. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.